ದೂರ ಬರೆಯದ ಗುರಿ

2022ರ ಜುಲೈ ತಿಂಗಳ ಒಂದು ಭಾನುವಾರ. ಪುಣೆಯಲ್ಲಿ ಬೆಳಗಿನಿಂದ ಬಿಡದೆ ಮಳೆ ಹೊಯ್ಯುತ್ತಿತ್ತು. ಮಗನ ಆರ್ಚರಿ ಕ್ಲಾಸು ರದ್ದಾಗಿತ್ತು. ಆಗ ಅವನಿಗೆ ಹತ್ತು ವರ್ಷ. ಬಿಲ್ಲು ಹಿಡಿದು ಮೂರು ತಿಂಗಳೂ ಆಗಿರಲಿಲ್ಲ. ಮೈದಾನವಿಲ್ಲದಿದ್ದರೆ ಮೊಬೈಲಾದರೂ ಬೇಕು ಎಂದು ಹಟ ಹಿಡಿದ. ಅದೇ ದಿನಗಳಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ವರ್ಲ್ಡ್ ಗೇಮ್ಸ್ ನಡೆದಿತ್ತು. ಒಲಿಂಪಿಕ್ಸ್‌ನಲ್ಲಿ ಜಾಗ ಸಿಗದ ಆಟಗಳಿಗಾಗಿ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಕೂಟ ಅದು. ಕಾಂಪೌಂಡ್ ಬಿಲ್ಲಿನ ಮಿಶ್ರ ತಂಡದಲ್ಲಿ ನಮ್ಮ ಅಭಿಷೇಕ್ ವರ್ಮಾ ಮತ್ತು ಜ್ಯೋತಿ ಸುರೇಖಾ ವೆನ್ನಮ್ ಕಂಚು ಗೆದ್ದ ಸುದ್ದಿ ಬಂದಿತ್ತು. ಅದನ್ನು ಹುಡುಕುತ್ತ ಹೋದ ನಮಗೆ ಸಿಕ್ಕಿದ್ದು ಬೇರೆಯೇ ಒಂದು ವಿಡಿಯೊ: ಪುರುಷರ ರಿಕರ್ವ್ ಫೀಲ್ಡ್ ಆರ್ಚರಿ.

ಬಿಲ್ಲು ಒಲಿಂಪಿಕ್ಸ್‌ನಲ್ಲಿ ನಾವು ನೋಡುವುದೇ. ಆದರೆ ಹುಲ್ಲುಹಾಸಿನ ಸಪಾಟು ಮೈದಾನ ಇರಲಿಲ್ಲ. ಬಿಲ್ಲುಗಾರ ಇಳಿಜಾರಿನಲ್ಲಿ ನಿಂತು, ಮರಗಳ ನಡುವೆ ಎಲ್ಲೋ ಇರುವ ಗುರಿಗೆ ಬಾಣ ಬಿಡುತ್ತಿದ್ದ. ಮಗ ಆ ಆಟದ ನಿಯಮಗಳನ್ನು ಓದಿಸಿಕೊಂಡ. ಓದುತ್ತ ಓದುತ್ತ ಒಂದು ಸಾಲಿಗೆ ಬಂದಾಗ ಅವನು ತಲೆಯೆತ್ತಿ ಕೇಳಿದ, "ಅಪ್ಪಾ, ದೂರ ಎಷ್ಟು ಅಂತ ಅವ್ರಿಗೆ ಹೇಳೋದೇ ಇಲ್ವಾ? ಮತ್ತೆ ಹ್ಯಾಗ್ ಹೊಡೀತಾರೆ?"

ಮಗುವಿಗೆ ಏನೋ ಒಂದು ಉತ್ತರ ಕೊಟ್ಟೆ. ನನಗೆ ಮಾತ್ರ ಮೂರು ವರ್ಷ ಹಿಂದಿನ ಒಂದು ಮಧ್ಯಾಹ್ನ ನೆನಪಾಗಿ ಹೊಟ್ಟೆಯೊಳಗೆ ಏನೋ ಕಲಕಿದಂತಾಯಿತು. ಅದನ್ನು ಬರೆಯಲೆಂದೇ ಈ ಲೇಖನ. ಅದಕ್ಕೆ ಮೊದಲು ಆಟವನ್ನು ಸ್ವಲ್ಪ ವಿವರಿಸಬೇಕು.

ಒಲಿಂಪಿಕ್ಸ್‌ನಲ್ಲಿ ರಿಕರ್ವ್ ಬಿಲ್ಲಿನ ದೂರ ಒಂದೇ: 70 ಮೀಟರ್. ಟೋಕಿಯೊ ಆಗಲಿ ಪ್ಯಾರಿಸ್ ಆಗಲಿ, 70 ಅಂದರೆ 70. ಗುರಿಯ ಅಗಲ 122 ಸೆಂಟಿಮೀಟರ್, ನಟ್ಟನಡುವಿನ ಹತ್ತರ ವೃತ್ತ 12.2 ಸೆಂಟಿಮೀಟರ್. ಬಿಲ್ಲುಗಾರ ವರ್ಷಗಟ್ಟಲೆ ಅದೊಂದೇ ದೂರವನ್ನು ಮೈಗೆ ಇಳಿಸಿಕೊಳ್ಳುತ್ತಾನೆ. ಪ್ಯಾರಿಸ್ 2024ರ ಫೈನಲ್‌ನಲ್ಲಿ ಕೊರಿಯಾದ ಕಿಮ್ ವೂ-ಜಿನ್ ಮತ್ತು ಅಮೆರಿಕದ ಬ್ರೇಡಿ ಎಲಿಸನ್ ಸಮಬಲವಾಗಿ, ತಲಾ ಒಂದೊಂದು ಬಾಣದಲ್ಲಿ ಚಿನ್ನದ ತೀರ್ಮಾನವಾಗಬೇಕಾಯಿತು. ಇಬ್ಬರದೂ ಹತ್ತು. ಕೇಂದ್ರದಿಂದ ಅಳೆದು ನೋಡಿದರೆ ಕಿಮ್‌ನದು 55.8 ಮಿಲಿಮೀಟರ್, ಎಲಿಸನ್‌ನದು 60.7. ಐದು ಮಿಲಿಮೀಟರ್ ಕೂಡ ಇಲ್ಲದ ಅಂತರದಲ್ಲಿ ಒಬ್ಬನಿಗೆ ಚಿನ್ನ, ಇನ್ನೊಬ್ಬನಿಗೆ ಬೆಳ್ಳಿ. ಎಲ್ಲವೂ ಗೊತ್ತಿರುವ ಲೋಕದಲ್ಲಿ ಸೋಲು ಗೆಲುವು ಇಷ್ಟು ಸಣ್ಣದರಲ್ಲಿ ಇರುತ್ತದೆ.

ಇದೇ ಎಲಿಸನ್ ಫೀಲ್ಡ್ ಆರ್ಚರಿಯಲ್ಲೂ ವಿಶ್ವ ಚಾಂಪಿಯನ್ ಆದವನು. ಆ ಆಟದ ಲೋಕ ಬೇರೆ. ವಿಶ್ವ ಚಾಂಪಿಯನ್‌ಶಿಪ್‌ನ ಅರ್ಹತಾ ಸುತ್ತಿನಲ್ಲಿ ಒಂದು ದಿನ 24 ಗುರಿಗಳು, ಮರುದಿನ ಇನ್ನೊಂದು 24. ಗುಡ್ಡ ಹತ್ತಿ, ಹಳ್ಳ ಇಳಿದು, ಮರಗಳ ನಡುವಿನ ಹಾದಿಯಲ್ಲಿ ಒಂದು ಗುರಿಯಿಂದ ಇನ್ನೊಂದಕ್ಕೆ ನಡೆಯಬೇಕು. ಒಂದೊಂದು ಗುರಿಗೆ ಮೂರು ಬಾಣ. ನಡುವಿನ ಪುಟ್ಟ ವೃತ್ತಕ್ಕೆ ಆರು ಅಂಕ, ಹೊರಗೆ ಬಂದಂತೆ ಐದು, ನಾಲ್ಕು, ಹೀಗೆ ಒಂದರವರೆಗೆ. ಎರಡು ದಿನಗಳಲ್ಲಿ ಒಂದು ದಿನ ದೂರ ಬರೆದಿರುತ್ತಾರೆ, ಗರಿಷ್ಠ 60 ಮೀಟರ್. ಇನ್ನೊಂದು ದಿನ ಬರೆದಿರುವುದಿಲ್ಲ. ನಿಲ್ಲುವ ಜಾಗದಲ್ಲಿ ಒಂದು ಕೆಂಪು ಗೂಟ ಇರುತ್ತದೆ, ಅಷ್ಟೇ. ಗುರಿ 10 ಮೀಟರಿನಿಂದ 55 ಮೀಟರಿನವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಳೆಯುವ ಯಂತ್ರ ಒಯ್ಯುವಂತಿಲ್ಲ. ಕಣ್ಣಲ್ಲೇ ಅಳೆದು, ಬಿಲ್ಲಿನ ಮೇಲಿನ ಸೈಟನ್ನು ಆ ಅಂದಾಜಿಗೆ ಸರಿಸಿ, ಬಾಣ ಬಿಡಬೇಕು.

ಕಣ್ಣಿಗೆ ಮೋಸವಾಗುವಂತೆಯೇ ಹಾದಿಯನ್ನು ಹಾಕಿರುತ್ತಾರೆ. ಗುರಿಗಳ ಅಗಲದಲ್ಲಿ ನಾಲ್ಕು ಬಗೆ: 20, 40, 60, 80 ಸೆಂಟಿಮೀಟರ್. ಚಿತ್ರ ಒಂದೇ, ಕಪ್ಪು ಬಳೆಗಳ ನಡುವೆ ಹಳದಿ. 20 ಮೀಟರ್ ದೂರದ 40ರ ಗುರಿಯೂ 40 ಮೀಟರ್ ದೂರದ 80ರ ಗುರಿಯೂ ಕಣ್ಣಿಗೆ ಒಂದೇ ಗಾತ್ರ. ನಡುವೆ ಕಣಿವೆ ಬಂದು ನೆಲ ಮರೆಯಾದರೆ ಆಚೆಯದು ಹತ್ತಿರ ಇದ್ದಂತೆ ಕಾಣುತ್ತದೆ. ಇಳಿಜಾರಿದ್ದರೆ ಇನ್ನೊಂದು ಲೆಕ್ಕ: ಬಾಣವನ್ನು ಕೆಳಕ್ಕೆ ಎಳೆಯುವ ಗುರುತ್ವಕ್ಕೆ ಸಂಬಂಧ ಅಡ್ಡಗಲದ ದೂರದ ಜೊತೆಗೇ ಹೊರತು ಕಣ್ಣ ನೇರದ ದೂರದ ಜೊತೆಗಲ್ಲ. 30 ಡಿಗ್ರಿ ಇಳಿಜಾರಿನಲ್ಲಿ 50 ಮೀಟರ್ ಆಚೆಯ ಗುರಿಗೆ ಹೆಚ್ಚುಕಡಿಮೆ 43 ಮೀಟರಿನದು ಎಂದುಕೊಂಡೇ ಹೊಡೆಯಬೇಕು. ಗುಡ್ಡದ ಮೇಲಕ್ಕೆ ಹೊಡೆದರೂ ಅಷ್ಟೇ, ಕೆಳಕ್ಕೆ ಹೊಡೆದರೂ ಅಷ್ಟೇ.

ಎಂಟೆಕ್ ಮಾಡಿದ ತಪ್ಪಿಗೆ ಆ ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಬಾಣದ ವೇಗ ಸೆಕೆಂಡಿಗೆ 60 ಮೀಟರ್ ಎಂದಿಟ್ಟುಕೊಳ್ಳೋಣ. ಗುರಿ ಇರುವುದು 50 ಮೀಟರಿಗೆ. ಅಂದಾಜಿನಲ್ಲಿ ಒಂದು ಮೀಟರ್ ತಪ್ಪಿದರೆ ಬಾಣ ಸುಮಾರು 7 ಸೆಂಟಿಮೀಟರ್ ಮೇಲೆ ಅಥವಾ ಕೆಳಗೆ ನಾಟುತ್ತದೆ. ಆರು ಹೋಗಿ ಐದಾಗುತ್ತದೆ. ಐದು ಮೀಟರ್ ತಪ್ಪಿದರೆ ಹತ್ತಿರ ಹತ್ತಿರ 34 ಸೆಂಟಿಮೀಟರ್. 80ರ ಗುರಿಯಲ್ಲಿ ಅದು ಅಂಚಿನ ಒಂದು ಅಂಕ. ಕೈ ಸ್ವಲ್ಪ ನಡುಗಿದರೆ ಅದೂ ಇಲ್ಲ. ಭುಜ, ಬೆರಳು, ಉಸಿರು ಎಲ್ಲ ಸರಿಯಿದ್ದೂ ಮನಸ್ಸಿನೊಳಗಿನ ಒಂದು ಸಂಖ್ಯೆ ತಪ್ಪಾಗಿದ್ದರೆ ಕೌಶಲ ಪೂರ್ತಿ ವ್ಯರ್ಥ.

ಐಟಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿರುವವನಿಗೆ ಈ ಆಟ ಏನನ್ನು ನೆನಪಿಸುತ್ತದೆ ಎಂದು ನಿಮ್ಮಲ್ಲಿ ಅರ್ಧಕ್ಕರ್ಧ ಜನಕ್ಕೆ ಈಗಾಗಲೇ ಹೊಳೆದಿರಬಹುದು. ನಮ್ಮ ಕೆಲಸದ ಮುಕ್ಕಾಲು ಪಾಲು ಅಂದಾಜು. ಇನ್ನೂ ಹುಟ್ಟದ ಕೆಲಸಕ್ಕೆ ಎಷ್ಟು ವಾರ, ಎಷ್ಟು ಜನ, ಎಷ್ಟು ದುಡ್ಡು ಎಂದು ಒಂದು ಹಾಳೆಯ ಮೇಲೆ ಬರೆದು ಸಹಿ ಹಾಕುವುದು. ನನ್ನನ್ನು ಕಾಡುವ ಪ್ರಶ್ನೆ ಸರಳವಾದದ್ದು. ಅಂದಾಜು ತಪ್ಪಾಗುವುದು ನೈತಿಕವಾದ ತಪ್ಪೇ? ಗೊತ್ತಿಲ್ಲದ್ದರ ಬಗ್ಗೆ ಒಂದು ಸಂಖ್ಯೆ ಹೇಳುವವನು ಯಾವುದಕ್ಕೆ ಹೊಣೆ, ಯಾವುದಕ್ಕೆ ಅಲ್ಲ?

2019ರಲ್ಲಿ ನಾನು ಪುಣೆಯಲ್ಲೇ ಇನ್ನೊಂದು ಕಂಪನಿಯಲ್ಲಿದ್ದೆ. ಗ್ರಾಹಕರೊಬ್ಬರ ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ದತ್ತಾಂಶವನ್ನೆಲ್ಲ ಸಾಗಿಸುವ ಕೆಲಸ. ತಂಡದಲ್ಲಿ ಕಲಬುರಗಿ ಕಡೆಯ ಒಬ್ಬ ಹುಡುಗನಿದ್ದ. ನಾವಿಬ್ಬರೇ ಕನ್ನಡದವರು. ಮಧ್ಯಾಹ್ನದ ಊಟಕ್ಕೆ ಒಟ್ಟಿಗೆ ಕೂರುತ್ತಿದ್ದೆವು. ಅವನ ತಾಯಿ ಕಳಿಸಿದ ಶೇಂಗಾ ಚಟ್ನಿಯ ಡಬ್ಬಿ ಅರ್ಧ ನನ್ನ ಮನೆಗೇ ಬರುತ್ತಿತ್ತು. ಹಳೆಯ ವ್ಯವಸ್ಥೆಯನ್ನು ಬಿಚ್ಚಿ ನೋಡಿ ಅಂದಾಜು ಕೊಡು ಎಂದು ಅವನಿಗೇ ಹೇಳಿದ್ದೆ. ಒಂದು ವಾರ ಕೂತು ನೋಡಿ, ಹಾಳೆ ತಯಾರಿಸಿ ತಂದ. "ಹದಿನಾಲ್ಕು ವಾರ ಬೇಕಾಗ್ತಾವ್ರಿ ಸರ್" ಅಂದ.

ನಾನು ಹಾಳೆಯ ಕೊನೆಯ ಸಾಲು ಮಾತ್ರ ನೋಡಿದೆ. ಮೇಲಿನವರು ಗ್ರಾಹಕರಿಗೆ ಅದಾಗಲೇ ಒಂಬತ್ತು ವಾರ ಎಂದು ಮಾತು ಕೊಟ್ಟಾಗಿತ್ತು. ಅದನ್ನು ಅವನಿಗೆ ಹೇಳಲಿಲ್ಲ. ಹೇಳಿದ್ದು ಇಷ್ಟು: "ನೀನು ಸುಮ್ನೆ ಹೆದರ್ತಿದೀಯ. ನಮ್ಮವನಲ್ವೇನೋ, ಒಂಬತ್ತಕ್ಕೆ ಹೊಂದಿಸಿಬಿಡಪ್ಪ." ಇಂಗ್ಲಿಷಿನಲ್ಲಿ ಮಾತಾಡಿದ್ದರೆ ಅವನು ಬಹುಶಃ ವಾದ ಮಾಡುತ್ತಿದ್ದ. ನಾನು ಕನ್ನಡದಲ್ಲಿ ಕೇಳಿದೆ. ಪರವೂರಲ್ಲಿ ಕಿವಿಗೆ ಬಿದ್ದ ತಾಯ್ನುಡಿಗೆ ಮನುಷ್ಯ ಎಷ್ಟು ಮೆತ್ತಗಾಗುತ್ತಾನೆ ಎನ್ನುವುದು ನನಗೂ ಗೊತ್ತಿತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ್ಲಿ ಬಿಡ್ರಿ ಸರ್" ಅಂದ. ಹಾಳೆಯಲ್ಲಿ 14 ಅಳಿಸಿ 9 ಮಾಡಿದ. ಅಂದಾಜು ಮಾಡಿದವರು ಎನ್ನುವ ಜಾಗದಲ್ಲಿ ಅವನ ಹೆಸರು ಹಾಗೇ ಉಳಿಯಿತು.

ಕೆಲಸ ಮುಗಿದಿದ್ದು ಹದಿನಾರು ವಾರಕ್ಕೆ. ಒಂಬತ್ತನೇ ವಾರದಿಂದ ಹದಿನಾರನೆಯದರವರೆಗೆ ಅವನು ರಾತ್ರಿ ಮನೆಗೆ ಹೋಗಿದ್ದೇ ಕಡಿಮೆ. ನಡುವೆ ತಂಗಿಯ ನಿಶ್ಚಿತಾರ್ಥಕ್ಕೂ ಊರಿಗೆ ಹೋಗಲಾಗಲಿಲ್ಲ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಅವನ ಅಂದಾಜು ಸಾಮರ್ಥ್ಯ ಸುಧಾರಿಸಬೇಕು ಎಂದು ಬರೆದರು. ಬರೆದರು ಎಂದೆ, ಅಲ್ಲ. ಬರೆದವನು ನಾನು.

ಇದನ್ನು ಹೇಳಿಕೊಂಡಾಗ ಗೆಳೆಯರು ಎರಡು ಸಮಾಧಾನ ಹೇಳುತ್ತಾರೆ. ಎರಡನ್ನೂ ನಾನೂ ವರ್ಷಗಟ್ಟಲೆ ನನಗೆ ಹೇಳಿಕೊಂಡಿದ್ದೇನೆ.

ಮೊದಲನೆಯದು: ಅಂದಾಜು ಅಂದಮೇಲೆ ತಪ್ಪುತ್ತದೆ, ಅದರಲ್ಲಿ ಪಾಪ ಎಲ್ಲಿಂದ ಬಂತು? ಇದರಲ್ಲಿ ಸತ್ಯವಿದೆ. ಕಾಹ್ನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಇದಕ್ಕೊಂದು ಹೆಸರು ಕೊಟ್ಟರು: ಯೋಜನಾ ಭ್ರಮೆ. ಹಿಂದಿನ ಕೆಲಸಗಳೆಲ್ಲ ತಡವಾಗಿದ್ದು ಗೊತ್ತಿದ್ದೂ ಈ ಸಲದ್ದು ಬೇಗ ಮುಗಿಯುತ್ತದೆ ಎಂದು ನಂಬುವುದು ಮನುಷ್ಯನ ಸ್ವಭಾವ. ಕೆಂಪು ಗೂಟದ ಪಕ್ಕ ನಿಂತು 38 ಎಂದುಕೊಂಡ ಬಿಲ್ಲುಗಾರನಿಗೆ ಗುರಿ ನಿಜವಾಗಿ 42 ಮೀಟರಿಗೆ ಇದ್ದರೆ ಯಾರೂ ಅವನನ್ನು ಕೆಟ್ಟವನು ಎನ್ನುವುದಿಲ್ಲ. ಅಂಕ ಹೋಯಿತು, ಅಷ್ಟೇ.

ಆದರೆ ನಾನು ಮಾಡಿದ್ದು ಅದಲ್ಲ. ಬಿಲ್ಲುಗಾರ ಗೂಟದ ಪಕ್ಕ ನಿಂತು ನೋಡುತ್ತಾನೆ. ನೋಡಿ ತಪ್ಪುತ್ತಾನೆ. ಹುಡುಗನೂ ಒಂದು ವಾರ ನೋಡಿದ್ದ. ನೋಡಿಯೂ ಎರಡು ವಾರ ತಪ್ಪಿದ್ದ, ಹದಿನಾಲ್ಕು ಅಂದಿದ್ದು ಹದಿನಾರಾಯಿತು. ಅದು ಅಂದಾಜಿನ ತಪ್ಪು. ನನ್ನ ಒಂಬತ್ತು ಅಂದಾಜೇ ಅಲ್ಲ. ಅದು ಆಸೆ. ನಾನು ಗುರಿಯ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ. ಬೇರೆ ಯಾರೋ ಹೇಳಿದ ಸಂಖ್ಯೆಗೆ ಸೈಟನ್ನು ಸರಿಸಿ, ಬಿಲ್ಲನ್ನು ಅವನ ಕೈಗೆ ಕೊಟ್ಟೆ.

ನಮ್ಮೂರು ಸಾಗರದ ಕಡೆ. ಅಡಿಕೆ ತೋಟವನ್ನು ಚೇಣಿಗೆ ಕೊಡುವ ಪದ್ಧತಿ ನಮ್ಮಲ್ಲಿದೆ. ಚೇಣಿ ಹಿಡಿಯುವವನು ಕೊಯ್ಲಿಗೆ ಮೊದಲೇ ಬಂದು, ಮರದ ಮೇಲಿನ ಕೊನೆಗಳನ್ನು ನೋಡುತ್ತ ತೋಟವೆಲ್ಲ ತಿರುಗುತ್ತಾನೆ. ಕೊಳೆ ರೋಗ ಎಷ್ಟು ಬಂದಿದೆ, ಬಗ್ಗಡದ ನೀರು ನಿಲ್ಲುವ ಮೂಲೆ ಎಲ್ಲಿದೆ, ಮುದಿ ಮರ ಎಷ್ಟು, ಎಲ್ಲ ನೋಡಿ ಕೊನೆಗೆ ಇಷ್ಟು ಕ್ವಿಂಟಾಲ್ ಎಂದು ಒಂದು ಮಾತು ಹೇಳುತ್ತಾನೆ. ಕಡಿಮೆ ಬಂದರೆ ನಷ್ಟ ಅವನದು. ಅಪ್ಪ ಅವನ ಜೊತೆ ಚೌಕಾಸಿ ಮಾಡುತ್ತಿದ್ದುದು ನಿಜ. ಆದರೆ ನೀನು ಹೇಳಿದ್ದಕ್ಕಿಂತ ಹೆಚ್ಚು ಬರುತ್ತದೆ ಎಂದು ಅಪ್ಪ ಹೇಳಿ, ಬರದಿದ್ದಾಗ ಅವನ ಕಣ್ಣು ಸರಿಯಿಲ್ಲ ಎಂದು ಊರಲ್ಲಿ ಸಾರಿದ್ದರೆ, ಮರುವರ್ಷ ನಮ್ಮ ತೋಟಕ್ಕೆ ಯಾರೂ ಕಾಲಿಡುತ್ತಿರಲಿಲ್ಲ. ಸಂಖ್ಯೆ ಹೇಳಿದವನೇ ಅದರ ಭಾರ ಹೊರಬೇಕು ಎನ್ನುವುದು ಅಡಿಕೆ ಚೇಣಿಯಲ್ಲಿ ಯಾರೂ ಬರೆದಿಡದ ನಿಯಮ. ಅದರಿಂದಲೇ ನನ್ನ ಓದಿನ ಫೀಸು ಬಂದಿದ್ದು. ಓದಿದ ಮೇಲೆ ಮರೆತೆ.

ಎರಡನೆಯ ಸಮಾಧಾನ: ಗುರಿಯ ಮೇಲೆ ಕಣ್ಣಿಟ್ಟವನೇ ಗೆಲ್ಲುವುದು, ನೀನು ಮಾಡಿದ್ದೂ ಅದೇ. ನಮ್ಮ ಕಂಪನಿಗಳ ತರಬೇತಿಗಳಲ್ಲಿ ಅರ್ಜುನನ ಕಥೆ ಕೇಳದವರು ಯಾರಿದ್ದಾರೆ? ಮರದ ಮೇಲೆ ಒಂದು ಹಕ್ಕಿ. ಏನು ಕಾಣುತ್ತಿದೆ ಎಂದು ದ್ರೋಣರು ಕೇಳುತ್ತಾರೆ. ಧರ್ಮರಾಯನಿಗೆ ಮರ ಕಾಣುತ್ತದೆ, ತಮ್ಮಂದಿರು ಕಾಣುತ್ತಾರೆ, ಗುರುಗಳೂ ಕಾಣುತ್ತಾರೆ. ಅವನನ್ನು ಪಕ್ಕಕ್ಕೆ ಸರಿಸುತ್ತಾರೆ. ಅರ್ಜುನನಿಗೆ ಹಕ್ಕಿಯ ಕಣ್ಣು ಬಿಟ್ಟು ಬೇರೇನೂ ಕಾಣುವುದಿಲ್ಲ, ಅವನು ಗೆಲ್ಲುತ್ತಾನೆ. ಇದನ್ನು ಹೇಳಿ ಮುಗಿಸಿದ ಮೇಲೆ ಪರದೆಯ ಮೇಲೆ ಡೆಡ್‌ಲೈನ್ ಬರುತ್ತದೆ.

ಫೀಲ್ಡ್ ಆರ್ಚರಿ ನೋಡಿದ ಮೇಲೆ ನನಗೆ ಈ ಕಥೆ ಮೊದಲಿನಂತೆ ಕಾಣುತ್ತಿಲ್ಲ. ದೂರ ಬರೆಯದ ಗುರಿಯ ಮುಂದೆ ನಿಂತವನು ಬರೀ ನಡುವಿನ ಹಳದಿಯನ್ನೇ ನೋಡಿದರೆ ಸೋಲುವುದು ಖಂಡಿತ. ಗುರಿ ಎಷ್ಟು ದೂರ ಎಂದು ಗುರಿ ತಾನಾಗಿ ಹೇಳುವುದಿಲ್ಲ. ನಡುವೆ ಇರುವುದೆಲ್ಲ ಸೇರಿ ಹೇಳುತ್ತದೆ: ಆ ಮರದ ದಪ್ಪ, ಈ ಮರಕ್ಕೂ ಅದಕ್ಕೂ ಎಷ್ಟು ಹೆಜ್ಜೆ, ನೆಲ ಎಲ್ಲಿ ಮರೆಯಾಗುತ್ತದೆ, ಎಲೆಯ ಮೇಲೆ ಬೆಳಕು ಹೇಗೆ ಬಿದ್ದಿದೆ. ಮರ, ನೆಲ, ಪಕ್ಕದಲ್ಲಿ ನಿಂತವರು ಎಲ್ಲ ಕಾಣಿಸಿದ ಧರ್ಮರಾಯನ ಕಣ್ಣು ಇಲ್ಲಿ ಮೊದಲು ಬೇಕು. ಅದೆಲ್ಲ ನೋಡಿ ಸೈಟ್ ಸರಿಸಿ ಬಿಲ್ಲು ಎತ್ತಿದ ಮೇಲೆ ಅರ್ಜುನನ ಕಣ್ಣು ಬೇಕು. ಏಕಾಗ್ರತೆ ಒಳ್ಳೆಯ ಗುಣವಾಗುವುದು ಸುತ್ತಲಿನದನ್ನು ನೋಡಿ ಮುಗಿಸಿದ ನಂತರ. ನೋಡುವುದಕ್ಕೆ ಮೊದಲೇ ಬಂದ ಏಕಾಗ್ರತೆ ಕುದುರೆಯ ಕಣ್ಣಿಗೆ ಕಟ್ಟಿದ ಪಟ್ಟಿ.

ಹುಡುಗನ ಹಾಳೆಯಲ್ಲಿ ಕೊನೆಯ ಸಾಲಿಗೆ ಮೊದಲು ಮೂವತ್ತು ನಲವತ್ತು ಸಾಲುಗಳಿದ್ದವು. ಒಬ್ಬನೇ ಗಿರಾಕಿಯ ಹೆಸರು ಹಳೆಯ ವ್ಯವಸ್ಥೆಯಲ್ಲಿ ಮೂರು ಮೂರು ರೀತಿ ಬರೆದಿದ್ದು, ತಾರೀಖುಗಳ ಜಾಗ ಖಾಲಿ ಇದ್ದದ್ದು, ಅದನ್ನು ಕಟ್ಟಿದವರಲ್ಲಿ ಈಗ ಯಾರೂ ಉಳಿದಿಲ್ಲದ್ದು. ಅವೆಲ್ಲ ನನಗೂ ಗುರಿಗೂ ನಡುವಿನ ಮರ, ಹಳ್ಳ, ಇಳಿಜಾರು. ನನಗೆ ಹಕ್ಕಿಯ ಕಣ್ಣು ಕಾಣುತ್ತಿತ್ತು.

ಇಲ್ಲಿ ಒಂದು ತಕರಾರು ಬರುತ್ತದೆ, ನಾನೇ ಎತ್ತುತ್ತೇನೆ. ಅಕಸ್ಮಾತ್ ಕೆಲಸ ಒಂಬತ್ತು ವಾರಕ್ಕೇ ಮುಗಿದಿದ್ದರೆ? ಈ ಲೇಖನ ಇರುತ್ತಿರಲಿಲ್ಲ. ಹುಡುಗನನ್ನು ಹುರಿದುಂಬಿಸಿದ ಮ್ಯಾನೇಜರ್ ಎಂದು ನನಗೆ ಒಂದು ಫಲಕವೂ ಸಿಗುತ್ತಿತ್ತೇನೋ. ಹಾಗಾದರೆ ನನ್ನ ತಪ್ಪು ತಪ್ಪಾಗಿದ್ದು ಬರೀ ಅದೃಷ್ಟ ಕೈಕೊಟ್ಟಿದ್ದರಿಂದಲೇ? ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ತತ್ವಜ್ಞಾನಿಗಳು 1976ರಲ್ಲಿ ಇದನ್ನೇ ಚರ್ಚೆಗೆ ಎತ್ತಿಕೊಂಡು ನೈತಿಕ ಅದೃಷ್ಟ ಎಂಬ ಹೆಸರಿಟ್ಟರು. ಒಂದೇ ರೀತಿ ಅಜಾಗರೂಕರಾಗಿ ಗಾಡಿ ಓಡಿಸಿದ ಇಬ್ಬರಲ್ಲಿ ಒಬ್ಬನ ಮುಂದೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನ ಮುಂದೆ ಬರುವುದಿಲ್ಲ. ಲೋಕ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಬಾಣದ ಗುರಿಯಲ್ಲೂ ಹೀಗಾಗುತ್ತದೆ. ಒಬ್ಬ ದೂರವನ್ನು ತಪ್ಪು ಅಂದಾಜು ಮಾಡಿರುತ್ತಾನೆ. ಬಾಣ ಬಿಡುವಾಗ ಬೆರಳೂ ಜಾರುತ್ತದೆ. ಎರಡು ತಪ್ಪು ಕೂಡಿ ಬಾಣ ನಟ್ಟನಡುವೆ ನಾಟುತ್ತದೆ. ಹಾಳೆಯಲ್ಲಿ ಬರೆಯುವುದು ಆರು ಎಂದೇ. ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಆದರೆ ಅವನ ಕೈಯಲ್ಲಿ ಇನ್ನೂ ಎರಡು ಬಾಣಗಳಿವೆ. ಮೊದಲನೆಯದು ನಡುವೆ ಬಿದ್ದಿತಲ್ಲ ಎಂದು ಸೈಟನ್ನು ಮುಟ್ಟದೆ, ಈ ಸಲ ಸರಿಯಾಗಿ ಬಿಟ್ಟರೆ, ಎರಡನೆಯದು ಹೊರಗೆ ಹೋಗುತ್ತದೆ. ಅದೃಷ್ಟ ತಪ್ಪನ್ನು ಮುಚ್ಚುತ್ತದೆ, ಅಳಿಸುವುದಿಲ್ಲ. ಒಂಬತ್ತು ವಾರಕ್ಕೆ ಕೆಲಸ ಮುಗಿದಿದ್ದರೆ ನಾನು ಮುಂದಿನ ಹುಡುಗನಿಗೂ ಹಾಗೇ ಮಾಡುತ್ತಿದ್ದೆ.

ಈ ಎರಡನೆಯ ಬಾಣದ ವಿಷಯದಲ್ಲಿ ಬಿಲ್ಲುಗಾರ ಮಾಡಬೇಕಾದ ಒಂದು ಸೂಕ್ಷ್ಮ ತೀರ್ಮಾನವಿದೆ. ಇಡೀ ಆಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು. ಮೊದಲ ಬಾಣ ಒಂದು ಗೇಣು ಕೆಳಗೆ ಬಿತ್ತು ಎನ್ನಿ. ಯಾಕೆ? ದೂರದ ಅಂದಾಜು ತಪ್ಪಿತೇ, ಅಥವಾ ಬಿಟ್ಟ ಕೈ ತಪ್ಪಿತೇ? ಅಂದಾಜು ತಪ್ಪಿದ್ದರೆ ಸೈಟ್ ಸರಿಸಬೇಕು. ಕೈ ತಪ್ಪಿದ್ದರೆ ಸೈಟ್ ಮುಟ್ಟದೆ ಕೈಯನ್ನು ತಿದ್ದಿಕೊಳ್ಳಬೇಕು. ತಪ್ಪು ಯಾವುದು ಎಂದು ಪ್ರಾಮಾಣಿಕವಾಗಿ ಹೇಳಿಕೊಳ್ಳಲಾರದವನಿಗೆ ಉಳಿದ ಎರಡು ಬಾಣಗಳೂ ದಂಡ. ಮೂರು ಬಾಣಕ್ಕೆ ಇರುವುದು ಮೂರೇ ನಿಮಿಷ. ಆ ಮೂರು ನಿಮಿಷದಲ್ಲಿ ಅಹಂಕಾರಕ್ಕೆ ಸಮಯವಿಲ್ಲ. ನನ್ನ ಪ್ರಾಜೆಕ್ಟಿಗೆ ಹದಿನಾರು ವಾರ ಇತ್ತು. ಒಂಬತ್ತನೇ ವಾರದಲ್ಲಿ ಕೆಲಸ ಅರ್ಧವೂ ಆಗದಿದ್ದಾಗ ನಾನು ಕೈ ತಪ್ಪಿದೆ ಎಂದೆ. ಹುಡುಗ ಇನ್ನೂ ಚುರುಕಾಗಬೇಕು, ತಂಡ ಶನಿವಾರವೂ ಬರಬೇಕು ಎಂದೆ. ಸೈಟ್ ಇರುವ ಜಾಗವೇ ತಪ್ಪು ಎಂದು ಒಂದು ದಿನವೂ ಬಾಯಿ ಬಿಡಲಿಲ್ಲ.

ಇನ್ನೊಂದು ನಿಯಮದ ಬಗ್ಗೆ ಹೇಳಿ ಮುಗಿಸುತ್ತೇನೆ. ದೂರ ಬರೆಯದ ಹಾದಿಯಲ್ಲಿ ಒಬ್ಬ ಬಿಲ್ಲುಗಾರ ಇನ್ನೊಬ್ಬನಿಗೆ ತನ್ನ ಅಂದಾಜನ್ನು ಯಾವ ರೀತಿಯಲ್ಲೂ ತಿಳಿಸುವಂತಿಲ್ಲ. ಮೂರು ನಾಲ್ಕು ಜನ ಒಂದು ಗುಂಪಾಗಿ ದಿನವಿಡೀ ಜೊತೆಗೆ ನಡೆಯುತ್ತಾರೆ, ನೀರು ಹಂಚಿಕೊಳ್ಳುತ್ತಾರೆ. ಆದರೆ ಗೂಟದ ಪಕ್ಕ ನಿಂತಾಗ ಪ್ರತಿಯೊಬ್ಬನೂ ಒಂಟಿ. ಬಾಣಗಳನ್ನು ಬಿಟ್ಟಾದ ಮೇಲೆ ಮಾತ್ರ ಎಲ್ಲರೂ ಒಟ್ಟಿಗೆ ಗುರಿಯ ಹತ್ತಿರ ಹೋಗುತ್ತಾರೆ. ಅಂಕ ಬರೆದಾಗುವವರೆಗೆ ಯಾರೂ ಬಾಣ ಕೀಳುವಂತಿಲ್ಲ. ತನ್ನ ಬಾಣದ ಬೆಲೆಯನ್ನು ಅವನವನೇ ಹೇಳಬೇಕು, ಉಳಿದವರು ಬಗ್ಗಿ ನೋಡಿ ಹೌದು ಅನ್ನಬೇಕು. ಗೆರೆ ಮುಟ್ಟಿತೋ ಇಲ್ಲವೋ ಎಂಬ ಸಂದೇಹ ಬಂದರೆ ನಾಲ್ಕು ತಲೆ ಒಂದೇ ಗುರಿಯ ಮೇಲೆ ಬಾಗುತ್ತವೆ. ಇದು ಬಹುಪಾಲು ಕ್ಯಾಮೆರಾ ಇಲ್ಲದ ಕಡೆ ನಡೆಯುವ ಕೆಲಸ. ವಿಡಿಯೊದಲ್ಲಿ ನಾವು ನೋಡುವ ಸೆಮಿಫೈನಲ್, ಫೈನಲ್‌ಗಳು ನಾಲ್ಕು ಗುರಿ, ಹನ್ನೆರಡು ಬಾಣದ ಸುತ್ತುಗಳು. ಅಲ್ಲಿ ದೂರ ಬರೆದಿರುತ್ತಾರೆ. ದೂರ ಗೊತ್ತಿಲ್ಲದ ಸುತ್ತು ಕಾಡಿನೊಳಗೆ, ನೋಡುವವರಿಲ್ಲದ ಕಡೆ ಮುಗಿದಿರುತ್ತದೆ.

ಅಂದರೆ ಅಲ್ಲಿ ಅಂದಾಜು ಒಬ್ಬನದು, ಲೆಕ್ಕ ಎಲ್ಲರ ಮುಂದೆ. ನಾನು ಮಾಡಿದ್ದು ತಿರುಗಾಮುರುಗಾ. ಅವನು ಒಂಟಿಯಾಗಿ ನೋಡಬೇಕಾದಾಗ ಹೋಗಿ ಕಿವಿಯಲ್ಲಿ ಒಂಬತ್ತು ಎಂದು ಹೇಳಿದೆ. ಗುರಿಯ ಹತ್ತಿರ ಜೊತೆಗೆ ನಡೆಯಬೇಕಾದಾಗ ಹಿಂದೆಯೇ ಉಳಿದು ಅವನನ್ನು ಒಬ್ಬನನ್ನೇ ಕಳಿಸಿದೆ. ನನ್ನ ಪ್ರಶ್ನೆಗೆ ಈಗ ನನ್ನ ಹತ್ತಿರ ಇರುವ ಉತ್ತರ ಇಷ್ಟೇ. ಅಂದಾಜು ತಪ್ಪುವುದು ಅಪರಾಧವಲ್ಲ. ನೋಡದೆ ಸಂಖ್ಯೆ ಹೇಳುವುದು ಅಪರಾಧ. ಆ ಸಂಖ್ಯೆಯ ಕೆಳಗೆ ಇನ್ನೊಬ್ಬನ ಹೆಸರು ಬರೆಯುವುದು ಅದಕ್ಕಿಂತ ದೊಡ್ಡದು. ನನ್ನ ಮೇಲಿನವರೂ ನನಗೆ ಹಾಗೇ ಮಾಡಿದ್ದರು ಎನ್ನುವುದು ನಿಜ. ಅವರ ಮೇಲಿನವರು ಅವರಿಗೆ. ಆ ಸಾಲು ಎಲ್ಲಿಯವರೆಗೆ ಹೋಗುತ್ತದೋ. ನನ್ನ ಕೈಗೆ ಬಂದಾಗ ಅದನ್ನು ನಿಲ್ಲಿಸಬಹುದಿತ್ತು.

ಆ ಮಳೆಯ ಭಾನುವಾರ ಕಳೆದು ಕೆಲವು ವಾರಗಳಾದ ಮೇಲೆ ಅವನಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವನು ಹೈದರಾಬಾದಿಗೆ ಹೋಗಿದ್ದ. ಮದುವೆಯಾಗಿತ್ತು. ನನಗೆ ಕರೆದಿರಲಿಲ್ಲ. ಹೇಗೆ ಶುರು ಮಾಡಬೇಕೋ ತಿಳಿಯದೆ ಶೇಂಗಾ ಚಟ್ನಿಯಿಂದ ಶುರು ಮಾಡಿದೆ. ಆಮೇಲೆ ಹೇಳಬೇಕಾದ್ದನ್ನು ಹೇಳಿದೆ: ಆ ಒಂಬತ್ತು ನನ್ನದು, ಮೌಲ್ಯಮಾಪನದ ಆ ಸಾಲು ಸುಳ್ಳು. ಅವನು ನಕ್ಕ. "ಬಿಡ್ರಿ ಸರ್, ಹಳೀ ಮಾತು" ಅಂದ. ಹಗುರಾಯಿತು ಅಂದುಕೊಂಡೆ. ಫೋನ್ ಇಡುವ ಮುಂಚೆ ಸ್ವಲ್ಪ ತಡೆದು ಅವನೇ ಹೇಳಿದ: "ಒಂಬತ್ತು ಅಂದಿದ್ದಕ್ಕ ಬ್ಯಾಸರ ಇಲ್ರಿ ಸರ್. ಹದಿನಾಲ್ಕು ಯಾಕ ಅಂತ ನೀವು ಒಮ್ಮಿನೂ ಕೇಳ್ಲಿಲ್ಲ. ಕೇಳಿದ್ರ ಹೇಳ್ತಿದ್ದೆ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅವನ ಕಡತದಲ್ಲಿ ನಾನು ಬರೆದ ಆ ಸಾಲು ಆ ಕಂಪನಿಯ ಯಾವುದೋ ಸರ್ವರಿನಲ್ಲಿ ಇನ್ನೂ ಇರಬೇಕು. ತಿದ್ದುವ ಅಧಿಕಾರ ನನಗಿಲ್ಲ.

ಈಗ ನನ್ನ ತಂಡದವರು ಅಂದಾಜು ತಂದಾಗ ಕೊನೆಯ ಸಾಲನ್ನು ಕೈಯಿಂದ ಮುಚ್ಚಿಕೊಂಡು ಮೇಲಿನಿಂದ ಓದುತ್ತೇನೆ. ಒಂದೊಂದೇ ಸಾಲಿಗೆ ಇದು ಯಾಕೆ ಎಂದು ಕೇಳುತ್ತೇನೆ. ಹೊಸಬರಿಗೆ ಇದು ವಿಚಿತ್ರ ಎನಿಸುತ್ತದೆ, ಮೀಟಿಂಗ್ ಉದ್ದವಾಗುತ್ತದೆ, ಮೇಲಿನವರಿಗೆ ಇಷ್ಟವಾಗುವುದಿಲ್ಲ. ಎಷ್ಟೋ ಸಲ ಕೊನೆಗೆ ಅವರ ಸಂಖ್ಯೆಯನ್ನು ನಾನು ಒಪ್ಪಲಾಗದೆ ಕಡಿಮೆ ಮಾಡಬೇಕಾಗುತ್ತದೆ. ಆಗ ಹಾಳೆಯಲ್ಲಿ ಎರಡು ಸಂಖ್ಯೆ ಇರುತ್ತವೆ: ಒಂದರ ಮುಂದೆ ಅವರ ಹೆಸರು, ಇನ್ನೊಂದರ ಮುಂದೆ ನನ್ನದು.

ಮಗನಿಗೆ ಈಗ 30 ಮೀಟರ್ ದೂರ ಕೊಟ್ಟಿದ್ದಾರೆ. ಮೈದಾನ ಸಪಾಟು, ದೂರ ಬರೆದಿರುತ್ತದೆ. ಆದರೂ ಮನೆಗೆ ನಡೆದು ಬರುವಾಗ ದಾರಿಯಲ್ಲಿ ಆಟ ಆಡುತ್ತೇವೆ: ಆ ವಿದ್ಯುತ್ ಕಂಬ ಇಲ್ಲಿಂದ ಎಷ್ಟು ಮೀಟರ್? ಒಬ್ಬರಿಗೊಬ್ಬರು ಹೇಳದೆ ಮನಸ್ಸಿನಲ್ಲೇ ಅಂದುಕೊಳ್ಳಬೇಕು. ಆಮೇಲೆ ಇಬ್ಬರೂ ಹೆಜ್ಜೆ ಎಣಿಸುತ್ತ ಕಂಬದವರೆಗೆ ಒಟ್ಟಿಗೆ ಹೋಗಬೇಕು. ಅವನದು ನನಗಿಂತ ಹತ್ತಿರ ಬರುತ್ತದೆ. ನಾನು ಈಗಲೂ ಯಾವಾಗಲೂ ಕಡಿಮೆ ಹೇಳುತ್ತೇನೆ.